ಸುರಿಯುವ ಮುನ್ನವೇ ಕೆಡುವ ಎರಕ

ಎಲ್ಲರಿಗೂ ನಮಸ್ಕಾರ.

ಒಣಗಿದ ಹೂವು, ಜೀರುಂಡೆ, ಸುರುಳಿ ಚಿಪ್ಪು, ಕೈಗಡಿಯಾರದೊಳಗಿನ ಹಲ್ಲುಚಕ್ರ. ಮುಟ್ಟಿದರೆ ಮುರಿಯುವ ಇಂಥ ವಸ್ತುಗಳನ್ನು ತಿಳಿ ರೆಸಿನ್‌ನ (ದ್ರವವಾಗಿ ಸುರಿದು ಗಟ್ಟಿಯಾಗಲು ಬಿಡುವ ಪ್ಲಾಸ್ಟಿಕ್) ಗಟ್ಟಿಯೊಳಗೆ ಕೂರಿಸುವುದು ಇವತ್ತಿನ ವಿಷಯ. ಗುಳ್ಳೆ ಬಂದರೆ, ಮಬ್ಬು ಕವಿದರೆ ನಾವು ಮೊದಲು ಬೈಯುವುದು ರೆಸಿನ್ನನ್ನು. ಹೆಚ್ಚಿನ ಸಲ ತಪ್ಪು ಅದರದ್ದಲ್ಲ. ವಸ್ತುವಿನೊಳಗೆ ಉಳಿದ ಗಾಳಿ, ವಸ್ತುವಿನೊಳಗೆ ಉಳಿದ ನೀರು, ಇವೆರಡೇ ಬಹಳಷ್ಟು ಎರಕಗಳನ್ನು ಕೆಡಿಸುತ್ತವೆ. ಹಾಗಾಗಿ ಸುರಿಯುವ ಮಾತಿಗಿಂತ ಸುರಿಯುವ ಮುಂಚಿನ ಮಾತೇ ಇಲ್ಲಿ ಹೆಚ್ಚು.

ರೆಸಿನ್ ಆಯ್ಕೆಯನ್ನು ಬೇಗ ಮುಗಿಸೋಣ. ಪಾಲಿಯೆಸ್ಟರ್ ಗಟ್ಟಿ, ಚೆನ್ನಾಗಿ ಹೊಳಪು ತಗೊಳ್ಳುತ್ತದೆ. ಆದರೆ ಅದರಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆ ಘಾಟು, ಗಟ್ಟಿಯಾಗುವಾಗ ಶೇಕಡಾ 5ರಿಂದ 8ರಷ್ಟು ಕುಗ್ಗುತ್ತದೆ. ಕುಗ್ಗಿದಾಗ ವಸ್ತುವಿನ ಸುತ್ತ ಬಿರುಕು ಬಿಡಬಹುದು, ಅಥವಾ ಅದು ವಸ್ತುವಿನಿಂದ ಕಿತ್ತುಕೊಂಡು ನಡುವೆ ಬೆಳ್ಳಿಯ ಹಾಳೆಯಂಥ ಹೊಳಪು ಕಾಣಬಹುದು. ಪಾಲಿಯುರೆಥೇನ್ ತೇವ ಕಂಡರೆ ನೊರೆಯೇಳುತ್ತದೆ. ನಾಜೂಕು ವಸ್ತುಗಳಿಗೆ ನಿಧಾನವಾಗಿ ಗಟ್ಟಿಯಾಗುವ, ತೆಳ್ಳಗೆ ಹರಿಯುವ, ಎರಕಕ್ಕೆಂದೇ ತಯಾರಾದ ಎಪಾಕ್ಸಿಯೇ ಮೇಲು. ಮೇಜಿನ ಮೇಲೆ ಹೊಳಪಿಗಾಗಿ ಬಳಿಯುವ ಎಪಾಕ್ಸಿ ಬೇರೆ. ಅದನ್ನು ದಪ್ಪಗೆ ಸುರಿಯುವಂತಿಲ್ಲ. ಯಾಕೆಂದು ಮುಂದೆ ನೋಡೋಣ.

ಈಗ ವಸ್ತು. ಮೊದಲು ನೀರು. ಹೂವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ನಡುವೆ ಹೂತಿಡಿ. ತೆಳು ಎಸಳಿನದಕ್ಕೆ ಮೂರು ನಾಲ್ಕು ದಿನ ಸಾಕು, ದಪ್ಪ ತೊಟ್ಟಿನದಕ್ಕೆ ವಾರ ಬೇಕು. ಕೈಗೆ ಗರಿಗರಿ ಎನಿಸಿದರೆ ಒಣಗಿದೆ ಎಂದು ನಂಬಬೇಡಿ: ಎಸಳು ಒಣಗಿದ್ದರೂ ಹೂವಿನ ಬುಡದಲ್ಲಿ ತೇವ ಇರುತ್ತದೆ. ತೂಕ ಮಾಡಿ. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಆಗ ಒಣಗಿದೆ. ತೇವ ಉಳಿದ ಹೂವು ರೆಸಿನ್ ಒಳಗೆ ಕಂದುತ್ತದೆ, ಸುತ್ತಲೂ ಮಬ್ಬು ಹಬ್ಬಿಸುತ್ತದೆ. ಹಸಿ ಎಲೆಯನ್ನು ಹಾಗೇ ಮುಳುಗಿಸಿದರೆ ಹಸಿರು ಉಳಿಯುತ್ತದೆ ಎನ್ನುವವರಿದ್ದಾರೆ, ಉಳಿಯುವುದಿಲ್ಲ.

ಇನ್ನು ಗಾಳಿ. ಜೀರುಂಡೆಯ ಒಡಲು ಒಣಗಿದ ಮೇಲೆ ಪೊಳ್ಳು. ಸುರುಳಿ ಚಿಪ್ಪಿನ ಒಳಸುತ್ತುಗಳಲ್ಲಿ ಗಾಳಿ ಅಡಗಿ ಕೂತಿರುತ್ತದೆ. ರೆಸಿನ್ ಬೆಚ್ಚಗಾದಂತೆ ಆ ಗಾಳಿ ಹಿಗ್ಗಿ, ಒಂದೊಂದೇ ಗುಳ್ಳೆಯಾಗಿ ಹೊರಬರುತ್ತದೆ. ಅದೂ ರೆಸಿನ್ ಮಂದವಾಗಿ ಗುಳ್ಳೆ ಮೇಲೇರಲಾಗದ ಹೊತ್ತಿಗೆ ಸರಿಯಾಗಿ. ಚಿಪ್ಪಾದರೆ ಬಾಯಿ ಮೇಲೆ ಮಾಡಿ ಸಿರಿಂಜಿನಿಂದ ರೆಸಿನ್ ತುಂಬಿ, ತಿರುಗಿಸುತ್ತಾ ಸುತ್ತುಗಳೊಳಗೆ ಇಳಿಸಿ, ಮೊದಲೇ ಗಟ್ಟಿಯಾಗಲು ಬಿಡಿ. ಜೀರುಂಡೆಯ ಹೊಟ್ಟೆಯ ಕೆಳಗೆ, ಕೀಲಿನ ಜಾಗದಲ್ಲಿ, ಸೂಜಿಯಿಂದ ಒಂದು ತೂತು ಮಾಡಿ. ಕಲಸಿದ ರೆಸಿನ್‌ನಲ್ಲಿ ಮುಳುಗಿಸಿ ನಿರ್ವಾತ ಪಾತ್ರೆಯಲ್ಲಿಟ್ಟು ಗಾಳಿ ಎಳೆಯಿರಿ. ಒಳಗಿನ ಗಾಳಿ ಬುಳುಬುಳು ಹೊರಬೀಳುತ್ತದೆ. ಆಮೇಲೆ ಗಾಳಿಯನ್ನು ನಿಧಾನಕ್ಕೆ ಒಳಬಿಟ್ಟಾಗ ಹೊರಗಿನ ಒತ್ತಡವೇ ರೆಸಿನ್ನನ್ನು ಒಡಲೊಳಗೆ ನೂಕುತ್ತದೆ. ಪಾತ್ರೆಯಲ್ಲಿ ರೆಸಿನ್ ಕಾಲು ಭಾಗಕ್ಕಿಂತ ಹೆಚ್ಚಿರಬಾರದು, ನೊರೆಯುಕ್ಕಿ ಹೊರಗೆ ಚೆಲ್ಲುತ್ತದೆ. ನಿರ್ವಾತ ಪಂಪ್ ಇಲ್ಲದವರು ಮೆದು ಕುಂಚದಿಂದ ವಸ್ತುವಿಗೆ ತೆಳುವಾಗಿ ರೆಸಿನ್ ಬಳಿದು, ಸಂದುಗಳಿಗೆಲ್ಲ ತಾಕಿಸಿ, ಆ ಪದರ ಗಟ್ಟಿಯಾದ ಮೇಲೆ ಎರಕಕ್ಕೆ ಇಳಿಯಬಹುದು. ಗುಳ್ಳೆ ಪೂರ್ತಿ ಹೋಗದಿದ್ದರೂ ಬಹಳಷ್ಟು ತಗ್ಗುತ್ತದೆ.

ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ: ಬೆಳಕು. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1, ರೆಸಿನ್‌ದು ಸುಮಾರು 1.5. ತೆಳು ಬಿಳಿ ಎಸಳು ಬೆಳ್ಳಗೆ ಕಾಣುವುದು ಅದರ ಕೋಶಗಳ ನಡುವೆ ಇರುವ ಗಾಳಿಯಿಂದ. ಆ ಜಾಗಕ್ಕೆ ರೆಸಿನ್ ಹೊಕ್ಕರೆ ಎಣ್ಣೆ ಬಿದ್ದ ಕಾಗದದಂತೆ ಎಸಳು ಪಾರದರ್ಶಕವಾಗುತ್ತದೆ. ಮುದ್ರಿತ ಕಾಗದಕ್ಕೂ ಇದೇ ಗತಿ. ಹಾಗಾಗಿ ಕಾಗದಕ್ಕೆ ಎರಡೂ ಬದಿ, ಅಂಚೂ ಸೇರಿ, ಬಿಳಿ ಅಂಟನ್ನು ಎರಡು ಸಲ ಬಳಿದು ಒಣಗಿಸಬೇಕು. ಎಸಳಿಗೆ ಅಕ್ರಿಲಿಕ್ ಸ್ಪ್ರೇ ಸಾಕು. ಗಾಜಿನ ಸೂಚ್ಯಂಕವೂ ಸುಮಾರು 1.5 ಆದ್ದರಿಂದ ಬಣ್ಣವಿಲ್ಲದ ಗಾಜಿನ ಮಣಿ ರೆಸಿನ್‌ನಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಎಲ್ಲಕ್ಕಿಂತ ಬೇಸರದ ಸಂಗತಿ ಮಾರ್ಫೋದಂಥ ನೀಲಿ ಚಿಟ್ಟೆಯದು. ಅದರ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ರೆಕ್ಕೆಯ ಹುಡಿಯಲ್ಲಿರುವ ಸೂಕ್ಷ್ಮ ಏಣುಗಳು ಮತ್ತು ಅವುಗಳ ನಡುವಿನ ಗಾಳಿಯಿಂದ ಬಂದದ್ದು. ರೆಸಿನ್ ಒಳಹೊಕ್ಕರೆ ನೀಲಿ ಹೋಗಿ ಮಾಸಲು ಕಂದು ಉಳಿಯುತ್ತದೆ. ಅಂಥ ಚಿಟ್ಟೆಗೆ ಗಾಜಿನ ಪೆಟ್ಟಿಗೆಯೇ ಸರಿ. ಜೊತೆಗೇ ಇನ್ನೊಂದು ಮಾತು: ಗಟ್ಟಿಯಾದ ಎಪಾಕ್ಸಿಯನ್ನು ಕರಗಿಸಿ ಒಳಗಿನದನ್ನು ಸುರಕ್ಷಿತವಾಗಿ ಹೊರತೆಗೆಯಲಾಗುವುದಿಲ್ಲ. ಜಗತ್ತಿನಲ್ಲಿ ಒಂದೇ ಇರುವ ವಸ್ತುವನ್ನು ಇದರಲ್ಲಿ ಮುಳುಗಿಸಬೇಡಿ. ಹಾಗೇ, ಅಂಥದ್ದೇ ಕೆಲಸಕ್ಕೆ ಬಾರದ ಇನ್ನೊಂದು ವಸ್ತುವಿನ ಮೇಲೆ ಮೊದಲು ಪ್ರಯೋಗ ಮಾಡಿ.

ಅಳತೆಗೆ ಬರೋಣ. ಅಚ್ಚು 6 ಸೆಂಟಿಮೀಟರ್ ಚೌಕ, 4 ಸೆಂಟಿಮೀಟರ್ ಎತ್ತರ ಎಂದುಕೊಳ್ಳಿ. ಗಾತ್ರ 144 ಮಿಲಿಲೀಟರ್. ಎಪಾಕ್ಸಿಯ ಸಾಂದ್ರತೆ ಸುಮಾರು 1.1, ಅಂದರೆ 158 ಗ್ರಾಂ. ಇದನ್ನು ಒಂದೇ ಸಲ ಸುರಿಯುವುದಿಲ್ಲ. 1 ಸೆಂಟಿಮೀಟರ್ ಪದರಕ್ಕೆ 36 ಮಿಲಿಲೀಟರ್, ಅಂದರೆ 40 ಗ್ರಾಂ. ಲೋಟಕ್ಕೆ ಅಂಟಿ ಉಳಿಯುವುದೂ ಸೇರಿ 45 ಗ್ರಾಂ ಕಲಸಿ. ತೂಕದಲ್ಲಿ 2:1 ಅನುಪಾತವಾದರೆ 30 ಗ್ರಾಂ ರೆಸಿನ್, 15 ಗ್ರಾಂ ಹಾರ್ಡನರ್, ಅಂದರೆ ರೆಸಿನ್ನನ್ನು ಗಟ್ಟಿ ಮಾಡುವ ಜೊತೆ ದ್ರವ. ಇಲ್ಲಿ 1 ಗ್ರಾಂ ತಪ್ಪಿದರೂ ಹಾರ್ಡನರ್ ಲೆಕ್ಕ ಶೇಕಡಾ 7ರಷ್ಟು ಕೆಟ್ಟಿತು, ಹಾಗಾಗಿ 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಡಬ್ಬಿಯ ಮೇಲಿನ ಅನುಪಾತ ತೂಕದ್ದೋ ಗಾತ್ರದ್ದೋ ನೋಡಿ. ಎರಡರ ಸಾಂದ್ರತೆ ಬೇರೆಯಾದ್ದರಿಂದ ಒಂದರ ಬದಲು ಇನ್ನೊಂದು ನಡೆಯದು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವ ಅಭ್ಯಾಸ ಪಾಲಿಯೆಸ್ಟರ್‌ನಿಂದ ಬಂದದ್ದು. ಅಲ್ಲಿ ಶೇಕಡಾ 1ರಿಂದ 2ರಷ್ಟು ಹಾಕುವ ಪೆರಾಕ್ಸೈಡ್ ದ್ರವ ಕ್ರಿಯೆಯನ್ನು ಕೆರಳಿಸುತ್ತದೆ ಅಷ್ಟೆ. ಎಪಾಕ್ಸಿಯಲ್ಲಿ ಹಾರ್ಡನರೇ ಗಟ್ಟಿಯ ಒಂದು ಭಾಗವಾಗಿ ಹೆಣೆದುಕೊಳ್ಳುತ್ತದೆ. ಹೆಚ್ಚಾದದ್ದು ಜೊತೆ ಸಿಗದೆ ಒಳಗೇ ಉಳಿದು ಎರಕ ಮೆತ್ತಗೆ, ಜಿಗುಟಾಗಿ ಇರುತ್ತದೆ.

ನಾಲ್ಕೈದು ನಿಮಿಷ ನಿಧಾನವಾಗಿ ಕಲಸಿ. ಬದಿ, ತಳ ಕೆರೆಯುತ್ತಿರಿ. ಬಳಿಕ ಇನ್ನೊಂದು ಲೋಟಕ್ಕೆ ಬಗ್ಗಿಸಿ ಮತ್ತೊಂದು ನಿಮಿಷ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ, ಕೂಡದೇ ಉಳಿದ ರೆಸಿನ್ನನ್ನು ಕೆರೆದು ಅಚ್ಚಿಗೆ ಹಾಕಬೇಡಿ. ಎರಕದಲ್ಲಿ ಅಲ್ಲಲ್ಲಿ ಜಿಗುಟು ತೇಪೆ ಬರುವುದು ಅದರಿಂದಲೇ.

ಅಚ್ಚು ಸಿಲಿಕೋನ್‌ದಾಗಿರಲಿ, ಒಳಮೈ ಹೊಳಪಾಗಿರಲಿ. ವಸ್ತುವಿನ ಮುಖ ಅಚ್ಚಿನ ತಳದ ಕಡೆಗಿರಬೇಕು. ಮೇಲ್ಮೈ ಅಂಚಿನಲ್ಲಿ ಏರಿ ನಡುವೆ ತಗ್ಗುತ್ತದೆ, ತಳ ಮಾತ್ರ ಸಮತಟ್ಟು. ಮೊದಲ 1 ಸೆಂಟಿಮೀಟರ್ ಸುರಿದು ಹದ ಬರುವವರೆಗೆ ಕಾಯಿರಿ: ಕಡ್ಡಿ ತಾಗಿಸಿದರೆ ಅಂಟಬೇಕು, ಎಳೆಯಾಗಿ ಏಳಬಾರದು. ಆಗ ವಸ್ತುವಿನ ಮುಖಕ್ಕೆ ತುಸು ರೆಸಿನ್ ಬಳಿದು ಕೂರಿಸಿ. ಒಣ ಮುಖವನ್ನು ಇಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡನೇ ಪದರ ವಸ್ತುವಿನ ಅರ್ಧದಷ್ಟೇ ಇರಲಿ, ಇಲ್ಲದಿದ್ದರೆ ಹಗುರದ ವಸ್ತು ತೇಲಿಬಿಡುತ್ತದೆ. ಅಚ್ಚಿನ ಬದಿಯಿಂದ ಎಳೆಯಾಗಿ ಇಳಿಸಿ, ವಸ್ತುವಿನ ತಲೆಯ ಮೇಲೆ ಹೊಯ್ಯಬೇಡಿ. ಹದದಲ್ಲಿ ಸುರಿದ ಪದರಗಳು ಒಂದಾಗುತ್ತವೆ. ಪೂರ್ತಿ ಗಟ್ಟಿಯಾಗಿಬಿಟ್ಟಿದ್ದರೆ 220 ನಂಬರಿನ ಉಜ್ಜುಕಾಗದ ಆಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮುಂದಿನದನ್ನು ಸುರಿಯಬೇಕು.

ಪದರ ಪದರವಾಗಿ ಯಾಕೆ? ಗಟ್ಟಿಯಾಗುವ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ತೆಳು ಪದರದಲ್ಲಿ ಆ ಬಿಸಿ ಹೊರಗೆ ಹೋಗುತ್ತದೆ. ದಪ್ಪ ಗಡ್ಡೆಯಲ್ಲಿ ಒಳಗೇ ಕೂತು ಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ, ಅದು ಇನ್ನಷ್ಟು ಬಿಸಿ. 100 ಡಿಗ್ರಿ ದಾಟಿದರೆ ಹಳದಿ ಬಣ್ಣ, ಬಿರುಕು, ಹೊಗೆ. ಲೋಟದಲ್ಲಿ ಉಳಿಸಿ ಮರೆತ ರೆಸಿನ್ ಕೂಡ ಹೀಗೆ ಹೊಗೆಯಾಡುತ್ತದೆ. ಗುಳ್ಳೆ ಬಿಡಲೆಂದು ರೆಸಿನ್ ಡಬ್ಬಿಯನ್ನು ಬಿಸಿನೀರಿನಲ್ಲಿ ಇಡುವವರಿಗೂ ಇದು ಅನ್ವಯ: ಸುಮಾರು 10 ಡಿಗ್ರಿ ಏರಿದರೆ ಕೆಲಸದ ಅವಧಿ ಹತ್ತಿರ ಹತ್ತಿರ ಅರ್ಧವಾಗುತ್ತದೆ.

ಒತ್ತಡದ ಪಾತ್ರೆ ಇರುವವರು ಅಚ್ಚನ್ನು 40ರಿಂದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಗಟ್ಟಿಯಾಗುವವರೆಗೂ ಇಡಬಹುದು. ಗುಳ್ಳೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ನಡುವೆ ಒತ್ತಡ ಬಿಟ್ಟರೆ ಮತ್ತೆ ಹಿಗ್ಗುತ್ತದೆ. ತೂತಿಲ್ಲದ ಪೊಳ್ಳು ವಸ್ತು ಒಳಕ್ಕೆ ಕುಸಿಯಬಹುದು. ಆ ಒತ್ತಡಕ್ಕೆಂದೇ ಮಾಡಿದ ಪಾತ್ರೆಯನ್ನಲ್ಲದೆ ಬೇರೇನನ್ನೂ ಬಳಸಬೇಡಿ, ಸಿಡಿದರೆ ಪ್ರಾಣಕ್ಕೇ ಕುತ್ತು.

ಕೈಗೆ ನೈಟ್ರೈಲ್ ಗ್ಲೋವ್ಸ್ ಕಡ್ಡಾಯ. ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರಬಹುದು, ಬಂದ ಮೇಲೆ ಸಾಮಾನ್ಯವಾಗಿ ಹೋಗುವುದಿಲ್ಲ. ತಾಗಿದ್ದನ್ನು ಅಸಿಟೋನಿನಿಂದ ಒರೆಸದೆ ಸೋಪಿನಿಂದ ತೊಳೆಯಿರಿ. ಪಾಲಿಯೆಸ್ಟರ್‌ನ ಪೆರಾಕ್ಸೈಡ್ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು, ರಕ್ಷಣಾ ಕನ್ನಡಕವಿಲ್ಲದೆ ಆ ಬಾಟಲಿ ತೆರೆಯಬೇಡಿ.

ಎರಡು ಮೂರು ದಿನಕ್ಕೆ ಅಚ್ಚಿನಿಂದ ತೆಗೆಯಬಹುದು. 400 ನಂಬರಿನ ಉಜ್ಜುಕಾಗದದಿಂದ ಶುರು ಮಾಡಿ 600, 800, 1000, 1500, 2000 ಎಂದು ನೀರು ಹಾಕಿಯೇ ಉಜ್ಜಿ, ಕೊನೆಗೆ ಪಾಲಿಶ್ ಪೇಸ್ಟ್. ನಡುವಿನ ಒಂದು ನಂಬರ್ ಹಾರಿಸಿದರೆ ಅದರ ಹಿಂದಿನ ನಂಬರಿನ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಪೂರ್ತಿ ಬಲ ಬರಲು ಸುಮಾರು ಏಳು ದಿನ ಬೇಕು. ಅಲ್ಲಿಯವರೆಗೆ ಬಟ್ಟೆಯ ಮೇಲೆ ಇಟ್ಟರೆ ನೇಯ್ಗೆಯ ಗುರುತೂ ಅಚ್ಚೊತ್ತಬಹುದು. ಪ್ರದರ್ಶನಕ್ಕಿಡುವಾಗ ನೇರ ಬಿಸಿಲು ಬೀಳದ ಜಾಗ ನೋಡಿ, ನೇರಳಾತೀತ ಕಿರಣ ಎಪಾಕ್ಸಿಯನ್ನು ಹಳದಿ ಮಾಡುತ್ತದೆ. ಕೆಳಗಿನಿಂದ ದೀಪ ಬೇಕಿದ್ದರೆ ಎಲ್‌ಇಡಿ ಇರಲಿ. ಬಿಸಿಯಾಗುವ ಬಲ್ಬು ಇಟ್ಟರೆ ಗಟ್ಟಿ ಮೆತ್ತಗಾಗುತ್ತದೆ.