ಉತ್ತರ ಯಾರಿಗೆ ಹೋಗಬೇಕು?

ಕೇಳುಗರಿಗೆ ನಮಸ್ಕಾರ. ಮುಂಬಯಿಯಲ್ಲಿ ಕನ್ನಡ ಸಂಘ ಅಂದಮೇಲೆ ಅದಕ್ಕೊಂದು ಸಮಿತಿ, ಈಗೀಗ ಸಮಿತಿಗೊಂದು ಸಾಮೂಹಿಕ ಇಮೇಲ್ ವಿಳಾಸ. ಅಲ್ಲಿಗೆ ಬರೆದ ಒಂದು ಮೇಲ್ ಕೊಲಾಬಾದಿಂದ ಡೊಂಬಿವಲಿವರೆಗಿನ ಎಲ್ಲ ಸದಸ್ಯರಿಗೂ ಮುಟ್ಟುತ್ತದೆ. ತಕರಾರು ಶುರುವಾಗುವುದು ಅದಕ್ಕೆ ಉತ್ತರ ಬರೆಯುವಾಗ.

ಪ್ರತಿ ಮೇಲ್‌ನ ನೆತ್ತಿಯ ಮೇಲೆ ಹೆಡರ್ ಎಂಬ ಸಾಲುಗಳಿರುತ್ತವೆ. ಫ್ರಮ್, ಟು, ಸಬ್ಜೆಕ್ಟ್, ಡೇಟ್ ನಮ್ಮ ಕಣ್ಣಿಗೆ ಬೀಳುತ್ತವೆ, ಉಳಿದವು ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಅಲ್ಲಿ 'ರಿಪ್ಲೈ-ಟು' ಎಂಬ ಸಾಲು ಇದೆಯೇ ನೋಡಿ. ಇದ್ದರೆ, ನೀವು ರಿಪ್ಲೈ ಒತ್ತಿದಾಗ ಉತ್ತರ ಹೋಗುವುದು ಅದರಲ್ಲಿರುವ ವಿಳಾಸಕ್ಕೆ.

ಮೇಲ್ ಬರೆದವರು 'ಉತ್ತರ ಇಲ್ಲಿಗೆ ಬರಲಿ' ಎಂದು ಸೂಚಿಸಲು ಇರುವ ಸಾಲು ಇದು. 2008ರ ಆರ್‌ಎಫ್‌ಸಿ 5322 ಎಂಬ ಇಮೇಲ್ ನಿಯಮಪತ್ರ ಹೇಳುವುದೂ ಇಷ್ಟನ್ನೇ. ಆದರೆ ಎಷ್ಟೋ ಇಮೇಲ್ ಗುಂಪುಗಳು ಅಲ್ಲಿ ತಮ್ಮದೇ ವಿಳಾಸ ತುಂಬುತ್ತವೆ. ಮಾಟುಂಗಾದಲ್ಲಿ ವಾರ್ಷಿಕೋತ್ಸವಕ್ಕೆ ಹಾಲ್ ಹಿಡಿಯುವ ಬಗ್ಗೆ ಕಾರ್ಯದರ್ಶಿ ಶೆಟ್ರು ಎಲ್ಲರಿಗೂ ಬರೆದಿದ್ದಾರೆ ಅನ್ನಿ. ಒಬ್ಬರು ರಿಪ್ಲೈ ಒತ್ತಿ, "ಶೆಟ್ರೇ, ಈ ತಿಂಗಳು ಕೈ ಬಿಗಿ ಇದೆ, ವಂತಿಗೆ ಮುಂದಿನ ತಿಂಗಳು ಕೊಡ್ತೇನೆ" ಎನ್ನುತ್ತಾರೆ. ಶೆಟ್ರಿಗೆ ಮಾತ್ರ ಎಂದುಕೊಂಡ ಆ ಮಾತನ್ನು ಇಡೀ ಸಮಿತಿ ಓದುತ್ತದೆ.

ಎಲ್ಲರಿಗೂ ಹೋಗಬೇಕಾದ ಉತ್ತರ ಒಬ್ಬರಿಗೇ ಹೋದರೆ? ಫಾರ್ವರ್ಡ್ ಮಾಡಿದರಾಯಿತು, ಅರ್ಧ ನಿಮಿಷದ ಕೆಲಸ. ಹತ್ತಾರು ಮಂದಿ ಓದಿಬಿಟ್ಟದ್ದನ್ನು ಮಾತ್ರ ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ರಿಪ್ಲೈ-ಟುವಿನಲ್ಲಿ ಗುಂಪು ತನ್ನ ವಿಳಾಸ ತುಂಬಬೇಕೇ ಬೇಡವೇ ಎಂಬ ವಾದದಲ್ಲಿ, ಅದನ್ನು ಗುಂಪು ಮುಟ್ಟಬಾರದು ಎಂಬ ಪಕ್ಷವೇ ಸರಿ. ಗೂಗಲ್ ಗ್ರೂಪ್ಸ್ ಸೇವೆಯಲ್ಲಿ ಇಂಥ ಗುಂಪು ನಡೆಸುವವರು ಸೆಟ್ಟಿಂಗ್ಸ್‌ನ ಇಮೇಲ್ ಆಯ್ಕೆಗಳಲ್ಲಿ 'ಪೋಸ್ಟ್ ರಿಪ್ಲೈಸ್ ಟು' ಎಂಬುದನ್ನು ಹುಡುಕಿ, ಉತ್ತರವು ಮೂಲ ಮೇಲ್ ಬರೆದವರಿಗೇ ಹೋಗುವಂತೆ ಇಡಲಿ. ಎಲ್ಲರಿಗೂ ಹೇಳಬೇಕಾದವರಿಗೆ 'ರಿಪ್ಲೈ ಆಲ್' ಇದ್ದೇ ಇದೆ.

ಈ ರಿಪ್ಲೈ ಆಲ್‌ನಿಂದ ಇನ್ನೊಂದು ತಕರಾರು: "ಗುಂಪಿನಿಂದ ಒಂದು ಪ್ರತಿ ಬಂತು, ನೇರವಾಗಿ ಮತ್ತೊಂದು ಏಕೆ?" ಇದನ್ನು ತಪ್ಪಿಸಲೆಂದು ಕ್ಯೂಮೇಲ್ ಎಂಬ ಮೇಲ್ ತಂತ್ರಾಂಶ ಬರೆದ ಡಿ. ಜೆ. ಬರ್ನ್‌ಸ್ಟೈನ್, 'ರಿಪ್ಲೈ ಆಲ್ ಒತ್ತಿದರೆ ಉತ್ತರ ಇಲ್ಲಿಗಷ್ಟೇ ಹೋಗಲಿ' ಎಂದು ಹೇಳುವ 'ಮೇಲ್-ಫಾಲೋಅಪ್-ಟು' ಎಂಬ ಹೊಸ ಸಾಲನ್ನು ಸೂಚಿಸಿದರು. ಮಟ್ಟ್‌ನಂಥ ಕೆಲವು ಮೇಲ್ ಪ್ರೋಗ್ರಾಂಗಳು ಅದನ್ನು ಪಾಲಿಸುತ್ತವೆ, ಜಿಮೇಲ್ ಗಮನಿಸುವುದಿಲ್ಲ. ಅದು ಅಧಿಕೃತ ನಿಯಮವಾಗಲೂ ಇಲ್ಲ. ಹಾಗಿರುವಾಗ ಆ ಸಾಲು ಹಾಕಿಕೊಂಡವರು "ನನ್ನ ಹೆಡರ್ ನೋಡಲಿಲ್ಲವೇ" ಎಂದು ಮುನಿಸಿಕೊಳ್ಳುವುದು ನ್ಯಾಯವಲ್ಲ. ಎದುರಿನವರ ಪರದೆಯಲ್ಲಿ ಅದು ಕಾಣುವುದೇ ಇಲ್ಲ. ಎರಡನೇ ಪ್ರತಿ ಬೇಡವಾದರೆ ಮೇಲ್‌ನ ಕೊನೆಗೆ ಕನ್ನಡದಲ್ಲೇ ಒಂದು ಸಾಲು ಬರೆಯಿರಿ: 'ನಾನು ಗುಂಪಿನಲ್ಲಿದ್ದೇನೆ, ಬೇರೆ ಪ್ರತಿ ಬೇಡ.'

ಇದರಲ್ಲಿ ಎಲ್ಲ ಕಡೆಯ ರೂಢಿಯೂ ಒಂದೇ ಅಲ್ಲ. ಡೆಬಿಯನ್ ಎಂಬ ತಂತ್ರಾಂಶ ಕಟ್ಟುವ ಬಳಗದಲ್ಲಿ, ಕೇಳಿಕೊಳ್ಳದ ಹೊರತು ಬರೆದವರಿಗೆ ಬೇರೆ ಪ್ರತಿ ಕಳಿಸಬಾರದು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ಬಳಗದಲ್ಲಿ ಸಿಸಿಯಲ್ಲಿದ್ದ ಯಾರನ್ನೂ ಬಿಡುವಂತಿಲ್ಲ. ಎರಡೂ ಕಡೆ ಕೆಲಸ ಸುಸೂತ್ರವಾಗಿ ಸಾಗಿದೆ, ಏಕೆಂದರೆ ರೂಢಿ ಯಾವುದೆಂದು ಅಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಸಮಿತಿಗಳೂ ಹೊಸ ಸದಸ್ಯರಿಗೆ ಕಳಿಸುವ ಮೊದಲ ಮೇಲ್‌ನಲ್ಲೇ ಇದನ್ನು ಎರಡು ಸಾಲಿನಲ್ಲಿ ತಿಳಿಸಲಿ.

ಜಿಮೇಲ್ ಬಳಸುವವರಿಗೆ ಇನ್ನೊಂದು ಮಾತು. ನೀವು ಗುಂಪಿಗೆ ಕಳಿಸಿದ ಮೇಲ್ ಸಾಮಾನ್ಯವಾಗಿ ತಿರುಗಿ ನಿಮ್ಮ ಇನ್‌ಬಾಕ್ಸಿಗೆ ಬರುವುದಿಲ್ಲ. ಅದರ ಮೆಸೇಜ್-ಐಡಿ, ಅಂದರೆ ಆ ಮೇಲ್‌ನ ಗುರುತು, ಮತ್ತು ನಿಮ್ಮ ಸೆಂಟ್‌ನಲ್ಲಿರುವ ಪ್ರತಿಯ ಐಡಿ ಒಂದೇ ಆಗಿರುವುದರಿಂದ ಜಿಮೇಲ್ ಅದನ್ನು ಮತ್ತೆ ತೋರಿಸದು. ಇದು ಗೊತ್ತಿಲ್ಲದವರು ಹೋಗಲಿಲ್ಲವೆಂದು ತಿಳಿದು ಅದನ್ನೇ ಎರಡು, ಮೂರು ಸಲ ಕಳಿಸುತ್ತಾರೆ, ಉಳಿದವರು ರೇಗುತ್ತಾರೆ. ಮತ್ತೆ ಕಳಿಸುವ ಮೊದಲು ಇನ್ನೊಬ್ಬ ಸದಸ್ಯರಿಗೆ ಫೋನ್ ಮಾಡಿ, ಬಂದಿದೆಯೇ ಎಂದು ಕೇಳಿ.