ಸಾರ್ವಜನಿಕ ನೆಲದ ಪರವಾಗಿ ವಕಾಲತ್ತು

ಕೇಳುಗರಿಗೆ ನಮಸ್ಕಾರ.

ಪರಿಸರ ವಕೀಲರೆಂದರೆ ನ್ಯಾಯಾಲಯದಲ್ಲಿ ನಿಂತು ವಾದಿಸುವವರೆಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರಿನಲ್ಲಿ ಈ ಕೆಲಸದ ದೊಡ್ಡ ಪಾಲು ನಡೆಯುವುದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ, ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಮತ್ತು ಪಹಣಿಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವುದರಲ್ಲಿ. ಪಹಣಿಯಲ್ಲಿ 'ಬ' ಖರಾಬು ಎಂದು ನಮೂದಾದ ಗುಂಟೆಗಳು ಹಳ್ಳ, ದಾರಿ, ಸ್ಮಶಾನಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ನಕಾಶೆಯಲ್ಲಿ ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಯ ಗೆರೆ, ಬಡಾವಣೆಯ ನಕ್ಷೆಯಲ್ಲಿ ಯಾರದೋ ಕಾಂಪೌಂಡಿನ ಬಳಿ ಮಾಯವಾಗಿದ್ದರೆ, ಮೊಕದ್ದಮೆ ಹುಟ್ಟುವುದು ಅಲ್ಲಿಯೇ.

ಕೆರೆಯಾಗಲಿ ಪಾರ್ಕಾಗಲಿ ಸರ್ಕಾರದ್ದು, ನಮಗೇನು ಹಕ್ಕು ಎಂದು ಕೇಳುವವರಿಗೆ ನಮ್ಮ ಊರಿನದೇ ಉತ್ತರವಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, ಹಾಗೆ ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ, ಹಂಚಿಕೆಯೂ ಉಳಿಯಲಿಲ್ಲ.

ಆದರೆ ಗೆದ್ದದ್ದೆಲ್ಲ ನಿಲ್ಲುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ, ಅಂದರೆ ಕಟ್ಟಡ ಕಟ್ಟದೆ ಬಿಡುವ ಜಾಗ, ಇರಬೇಕೆಂದು ಆದೇಶಿಸಿದಾಗ ಸಂಭ್ರಮಿಸಿದವರಲ್ಲಿ ನಾನೂ ಒಬ್ಬ. ನಗರದ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಆ ಭಾಗವನ್ನು ರದ್ದುಗೊಳಿಸಿತು. ಕಾನೂನಿನಲ್ಲಿ ಈಗಾಗಲೇ ಇರುವುದನ್ನು ಜಾರಿಗೆ ತನ್ನಿ ಎಂದು ಕೇಳುವ ಅರ್ಜಿಗೆ ಸದ್ದು ಕಡಿಮೆ, ಆಯುಷ್ಯ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಗಡುವಂತೂ ಕಠಿಣವಾದದ್ದು. ಯೋಜನೆಗಳಿಗೆ ಕೊಡುವ ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ, ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಅದಕ್ಕೂ ನಾವು ಚೆನ್ನೈನಲ್ಲಿರುವ ಅದರ ದಕ್ಷಿಣ ಪೀಠಕ್ಕೇ ಹೋಗಬೇಕು.

ಇನ್ನೊಂದು ಮಾತು, ನಮ್ಮ ವೃತ್ತಿಯವರು ಅಷ್ಟಾಗಿ ಆಡದ ಮಾತು. ಒತ್ತುವರಿ ತೆರವಿನ ಆದೇಶ ಬಂದೊಡನೆ ಜೆಸಿಬಿ ಮೊದಲು ತಿರುಗುವುದು ಕೆರೆಯಂಚಿನ ತಗಡಿನ ಶೆಡ್ಡುಗಳ ಕಡೆಗೆ. ಎತ್ತರದ ಕಟ್ಟಡದವರು ಅಷ್ಟರಲ್ಲಿ ತಡೆಯಾಜ್ಞೆ ತಂದಿರುತ್ತಾರೆ. ಆದ್ದರಿಂದ ಮೊದಲು ಎಲ್ಲರ ಗಡಿಯ ಸರ್ವೆ, ಬಳಿಕ ಎಲ್ಲರಿಗೂ ನೋಟಿಸು, ಬೇರೆ ನೆಲೆಯಿಲ್ಲದವರಿಗೆ ಪುನರ್ವಸತಿ, ಆಮೇಲೆ ತೆರವು ಎಂಬ ಕ್ರಮವನ್ನು ನಾನು ಅರ್ಜಿಯ ಕೋರಿಕೆಯಲ್ಲಿಯೇ ಬರೆಯುತ್ತೇನೆ. ಇದರಿಂದ ವಿಚಾರಣೆ ತಡವಾಗುತ್ತದೆಂದು ಕಕ್ಷಿದಾರರು ಬೇಸರಪಡುವುದುಂಟು. ತಡವಾಗುವುದು ನಿಜ, ಆದರೂ ಆ ಸಾಲನ್ನು ನಾನು ಕೈಬಿಡುವುದಿಲ್ಲ.