ವೋಲ್ವೋ 240ಕ್ಕೆ ಹೊಸ ಕಾಲದ ಮೀಟರ್ ಬೋರ್ಡ್

ಬೆಂಗಳೂರಿನವರಿಗೆ ವೋಲ್ವೋ ಎಂದೊಡನೆ ಹೊಸಕೋಟೆಯಲ್ಲಿ ತಯಾರಾದ ಬಸ್ಸು ನೆನಪಾಗುತ್ತದೆ. ನಾನು ಈಗಿರುವ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಅದೇ ಹೆಸರಿಗೆ ಜನ ಬೆರಳು ತೋರಿಸುವುದು ಇಟ್ಟಿಗೆಯಂತೆ ಚೌಕಾಕಾರವಾಗಿರುವ ಈ 240 ಕಾರಿನ ಕಡೆಗೆ. 1974ರಿಂದ 1993ರವರೆಗೆ ತಯಾರಾದ ಈ ಕಾರಿನಲ್ಲಿ 1986ರ ಮಾದರಿಯಿಂದ ಮೀಟರ್ ಬೋರ್ಡ್ ಬದಲಾಯಿತು. ನನ್ನ ಕಾರು ಅದಕ್ಕಿಂತ ಹಿಂದಿನದು. ಇದರಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲ, ಅದರ ಜಾಗದಲ್ಲಿ ತಟ್ಟೆಯಗಲದ ಗಡಿಯಾರವಿದೆ. ಗಡಿಯಾರ ನೋಡಿಕೊಂಡು ಗೇರ್ ಬದಲಿಸಲಾಗದ ಕಾರಣ ಹೊಸ ಬೋರ್ಡ್ ಹಾಕಲು ಹೊರಟಿದ್ದೇನೆ.

ಬೋರ್ಡನ್ನು ಬಿಚ್ಚಿ ಕೂರಿಸುವುದು ಈ ಕೆಲಸದ ಸಣ್ಣ ಭಾಗ ಮಾತ್ರ. ದೊಡ್ಡ ಭಾಗ ಕಾರಿನ ಅಡಿಯಲ್ಲಿದೆ. ಹಳೆಯ ಸ್ಪೀಡೋಮೀಟರಿಗೆ ಗೇರ್‌ಬಾಕ್ಸಿನ ಹಿಂತುದಿಯಿಂದ ಕೇಬಲ್ ಬರುತ್ತದೆ. ಆ ಕೇಬಲ್ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅಯಸ್ಕಾಂತವು ತನ್ನನ್ನು ಮುಟ್ಟದೆಯೇ ಸುತ್ತುವರಿದ ಲೋಹದ ಬಟ್ಟಲನ್ನು ತನ್ನೊಂದಿಗೆ ತಿರುಗುವಂತೆ ಎಳೆಯುತ್ತದೆ, ಬಟ್ಟಲಿಗೆ ಅಂಟಿಕೊಂಡ ಮುಳ್ಳು ಸಣ್ಣ ಸ್ಪ್ರಿಂಗಿನ ಎಳೆತದ ವಿರುದ್ಧ ಮೇಲೇರುತ್ತದೆ. ಹೊಸ ಸ್ಪೀಡೋಮೀಟರಿಗೆ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಅದಕ್ಕೆ ಬೇಕಾದದ್ದು ಹಿಂದಿನ ಆ್ಯಕ್ಸಲಿನ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಮುಚ್ಚಳದಲ್ಲಿ ಕೂರುವ ಸೆನ್ಸರ್ ಕಳಿಸುವ ವಿದ್ಯುತ್ ಮಿಡಿತ. ಒಳಗೆ ಹಲ್ಲಿನ ಬಳೆಯೊಂದು ತಿರುಗುತ್ತದೆ, ಪ್ರತಿ ಹಲ್ಲು ಸೆನ್ಸರಿನ ಮುಂದೆ ಹಾದಾಗ ಒಂದು ಮಿಡಿತ ಹುಟ್ಟುತ್ತದೆ.

ಈ ಏರ್ಪಾಡಿನಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಆ ಬಳೆ ಚಕ್ರಗಳ ಕಡೆಯ ವೇಗದಲ್ಲೇ ತಿರುಗುವುದರಿಂದ ಡಿಫರೆನ್ಷಿಯಲಿನ ಗೇರ್ ಅನುಪಾತ ಯಾವುದಾದರೂ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಕೇಬಲಿನ ಕಾಲದಲ್ಲಿ ಅನುಪಾತ ಬದಲಾದರೆ ಲೆಕ್ಕವೂ ತಪ್ಪುತ್ತಿತ್ತು. ಆದರೆ ಬಳೆಯ ಹಲ್ಲುಗಳನ್ನು ಎಣಿಸಿಕೊಳ್ಳಲೇಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು) ಇಲ್ಲದ ಕಾರುಗಳ ಬಳೆಗೆ 12 ಹಲ್ಲು, ಎಬಿಎಸ್ ಇರುವವುಗಳಿಗೆ 48. ಎಬಿಎಸ್ ಕಾರಿನ ಆ್ಯಕ್ಸಲಿಗೆ ಎಬಿಎಸ್ ಇಲ್ಲದ ಕಾರಿನ ಮೀಟರ್ ಜೋಡಿಸಿದರೆ ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುತ್ತಿರುವ ಕಾರು 100 ತೋರಿಸೀತು. ಗೇರ್‌ಬಾಕ್ಸಿನ ಬಾಯಿಗೇ ಸೆನ್ಸರ್ ಹಾಕಿ, ನಡುವೆ ಮಿಡಿತಗಳನ್ನು ಹೊಂದಿಸುವ ಪೆಟ್ಟಿಗೆ ಕೂರಿಸುವ ದಾರಿಯೂ ಇದೆ. ನಾನು ಅದನ್ನು ಬಿಟ್ಟು, ಗುಜರಿಗೆ ಬಂದಿದ್ದ ಹೊಸ ಮಾದರಿಯ ಕಾರಿನಿಂದ ಬಳೆ ಸಮೇತ ಇಡೀ ಆ್ಯಕ್ಸಲನ್ನೇ ತಂದೆ. ಭಾರದ ಕೆಲಸ ನಿಜ, ಆದರೆ ಮುಂದೆ ಯಾವ ಪೆಟ್ಟಿಗೆಯನ್ನೂ ನಂಬಿ ಕೂರಬೇಕಾಗಿಲ್ಲ.

ಆರ್‌ಪಿಎಂ ಮೀಟರಿಗೆ ಒಂದೇ ವೈರ್ ಸಾಕು, ಅದು ಎಂಜಿನ್ನಿನ ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲಿನ ಮೈನಸ್ ತುದಿಯಿಂದ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಹೊಡೆಯುತ್ತದೆ, ಆರು ಸಿಲಿಂಡರಿನದು ಮೂರು. ಹಾಗಾಗಿ ಆರು ಸಿಲಿಂಡರಿನ ಕಾರಿನ ಮೀಟರನ್ನು ಇಲ್ಲಿ ಹಾಕಿದರೆ 3000 ಸುತ್ತು ಇರುವಾಗ 2000 ಎಂದು ತೋರಿಸುತ್ತದೆ.

ಈಗ ಬೋರ್ಡಿನ ಬೆನ್ನಿಗೆ ಬರೋಣ. ಉಷ್ಣತೆಯ ಮೀಟರಿನ ಹಿಂದೆ ಒಂದು ಪುಟ್ಟ ಸರ್ಕಿಟ್ ಹಲಗೆಯಿದೆ. ಎಂಜಿನ್ನಿನ ನೀರು ಸ್ವಲ್ಪ ಬಿಸಿಯಾದರೂ ತಣ್ಣಗಾದರೂ ಮುಳ್ಳು ನಟ್ಟನಡುವೆ ಅಲುಗದೆ ನಿಲ್ಲಲಿ, ಓಡಿಸುವವರು ಗಾಬರಿಯಾಗದಿರಲಿ ಎಂಬ ಕಾರಣಕ್ಕೆ 1986ರಿಂದ ಇದನ್ನು ಇಟ್ಟರು. ಇದು ಕೆಟ್ಟರೆ ಎಂಜಿನ್ ಸುಸ್ಥಿತಿಯಲ್ಲಿದ್ದರೂ ಮುಳ್ಳು ಕೆಂಪು ಪಟ್ಟಿಗೆ ಹಾರಬಹುದು. ನನಗೆ ಸಮಾಧಾನ ಹೇಳುವ ಮೀಟರ್ ಬೇಡ, ಇದ್ದದ್ದನ್ನು ಹೇಳುವ ಮೀಟರ್ ಬೇಕು. ಆದ್ದರಿಂದ ಹಲಗೆಯನ್ನು ತೆಗೆದು, ಅದರ ಜಾಗದಲ್ಲಿ ಒಂದು ತುಂಡು ವೈರ್ ಬೆಸುಗೆ ಹಾಕಿದ್ದೇನೆ. ಇನ್ನು ಮುಂದೆ ಏರು ರಸ್ತೆಯಲ್ಲಿ ಮುಳ್ಳು ಒಂದಿಷ್ಟು ಏರುವುದು ಸಹಜ.

ಪೆಟ್ರೋಲ್ ಮತ್ತು ಉಷ್ಣತೆಯ ಮುಳ್ಳುಗಳೆರಡಕ್ಕೂ ಬೋರ್ಡಿನೊಳಗಿನ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ 10 ವೋಲ್ಟ್ ಒದಗಿಸುತ್ತದೆ. ಎರಡೂ ಮುಳ್ಳು ಒಟ್ಟಿಗೆ, ಒಂದೇ ದಿಕ್ಕಿನಲ್ಲಿ ತಪ್ಪು ತೋರಿದರೆ ಟ್ಯಾಂಕಿಗೆ ಕೈ ಹಾಕುವ ಮೊದಲು ಈ ರೆಗ್ಯುಲೇಟರನ್ನೂ ಅರ್ಥ್ ವೈರನ್ನೂ ಪರೀಕ್ಷಿಸಬೇಕು.

ಬ್ಯಾಟರಿ ಚಿಹ್ನೆಯ ಬಲ್ಬನ್ನು ಮಾತ್ರ ದಯವಿಟ್ಟು ಎಲ್‌ಇಡಿಗೆ ಬದಲಿಸಬೇಡಿ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ವಿದ್ಯುತ್ ಉತ್ಪಾದನೆ ಶುರು ಮಾಡಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ತಂತಿಯ ಮೂಲಕವೇ ಹರಿದು ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಎಂಜಿನ್ನಿನ ವೇಗವನ್ನು ಚೆನ್ನಾಗಿ ಏರಿಸುವವರೆಗೆ ಬ್ಯಾಟರಿ ಚಾರ್ಜ್ ಆಗದೇ ಇರಬಹುದು, ಆಗ ತಪ್ಪು ಆಲ್ಟರ್ನೇಟರಿನದೆಂದು ತಿಳಿದು ಹಣ ಸುರಿಯುವವರೇ ಹೆಚ್ಚು.

ಉಳಿದದ್ದು ಓಡೋಮೀಟರ್, ಅಂದರೆ ಕಾರು ಓಡಿದ ಒಟ್ಟು ದೂರ ತೋರಿಸುವ ಮೀಟರ್. ಇದರ ಸಣ್ಣ ಪ್ಲಾಸ್ಟಿಕ್ ಗೇರುಗಳು ವಯಸ್ಸಾದಂತೆ ಪುಡಿಯಾಗುತ್ತವೆ. ಓಡುತ್ತಿರುವಾಗ ಟ್ರಿಪ್ ಗುಂಡಿ ಒತ್ತಿದರೆ ಇನ್ನೂ ಬೇಗ. ಬೋರ್ಡ್ ಬಿಚ್ಚಿದ್ದಾಗಲೇ ಹೊಸ ಗೇರ್ ಹಾಕಿ, ಅಂಕಿಯ ಗಾಲಿಗಳನ್ನು ಹಳೆಯ ಮೀಟರಿನ ಕಿಲೋಮೀಟರಿಗೆ ಸರಿಯಾಗಿ ಹೊಂದಿಸಿದ್ದೇನೆ. ಹಳೆ ಕಾರಿನ ವ್ಯಾಪಾರದಲ್ಲಿ ಮೀಟರ್ ತಿರುಗಿಸುವುದಕ್ಕೆ ಕೆಟ್ಟ ಹೆಸರಿದೆ, ಆದರೆ ತಿರುಗಿಸದೆ ಬಿಟ್ಟರೆ ಸುಳ್ಳಾಗುವ ಸಂದರ್ಭ ಇದು. ಸ್ವೀಡನ್ನಿನಲ್ಲಿ ಪ್ರತಿ ವಾಹನ ತಪಾಸಣೆಯಲ್ಲೂ ಓಡೋಮೀಟರಿನ ಅಂಕಿ ದಾಖಲಾಗುತ್ತದೆ. ಎರಡು ಬೋರ್ಡುಗಳನ್ನೂ ಅಕ್ಕಪಕ್ಕ ಇಟ್ಟು ತೆಗೆದ ಫೋಟೋವನ್ನು ಸರ್ವಿಸ್ ಪುಸ್ತಕದೊಳಗೆ ಅಂಟಿಸಿದ್ದೇನೆ, ಕಾರು ಮಾರುವ ದಿನ ಬಂದರೆ ಹಳೆಯ ಬೋರ್ಡೂ ಅದರೊಂದಿಗೇ ಹೋಗುತ್ತದೆ.